ಕೋಷ್ಟಕದ ಲೆಕ್ಕಕ್ಕೆ ಸಾಕ್ಷಿ ಯಾರು?

ಊರಿನ ಜಮಾಅತಿನ ವಾರ್ಷಿಕ ವರದಿಯಿಂದ ಹಿಡಿದು ಸರಕಾರದ ಮುಂಗಡಪತ್ರದವರೆಗೆ ಇಂದು ಬಹುತೇಕ ಲೆಕ್ಕಗಳು ರೂಪುಗೊಳ್ಳುವುದು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ. ಅಡ್ಡ ಸಾಲು, ಉದ್ದ ಸಾಲು, ಅವೆರಡೂ ಸೇರುವಲ್ಲಿ ಒಂದು ಚೌಕ. ನೋಡಲು ಇಷ್ಟೇ. ಆದರೆ ಯಾರಿಗೆ ಎಷ್ಟು ಸಂಬಳ, ಯಾವ ಶಾಲೆಗೆ ಎಷ್ಟು ಅನುದಾನ, ಯಾರ ಸಾಲ ಎಷ್ಟು ಬಾಕಿ ಎಂಬುದೆಲ್ಲ ಈ ಚೌಕಗಳಲ್ಲೇ ತೀರ್ಮಾನವಾಗುತ್ತದೆ. ತಂತ್ರಜ್ಞಾನ ಬದಲಾದಾಗಲೆಲ್ಲ ರೂಪ ಬದಲಿಸಿಕೊಂಡು ಬಂದ ಈ ಕೋಷ್ಟಕ ಈಗ ಕೃತಕ ಬುದ್ಧಿಮತ್ತೆಯ ಬಾಗಿಲಲ್ಲಿ ನಿಂತಿದೆ. ಅದು ಮುಂದೆ ಎತ್ತ ಸಾಗಬಹುದು ಎಂಬುದನ್ನು ತಿಳಿಯಬೇಕಾದರೆ ಅದು ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕು.

ಲೆಕ್ಕದ ಹಳೆಯ ದಾರಿ

ಲೆಕ್ಕ ಬರೆಯುವ ಕಲೆ ಯಾವುದೇ ಒಂದು ಜನಾಂಗದ ಸೊತ್ತಲ್ಲ. ಕನ್ನಡ ನಾಡಿನ ವರ್ತಕರು ಒಂದು ಕಾಲದಲ್ಲಿ ಇದ್ದಿಲು ಮತ್ತು ಹುಣಸೆ ಬೀಜದ ಸರಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಜಮಾ, ಖರ್ಚು, ಬಾಕಿ, ವಸೂಲಿ, ದಫ್ತರ ಎಂಬ ಪದಗಳು ಅರಬ್ಬಿ, ಪಾರಸಿ ಭಾಷೆಗಳಿಂದ ಬಂದು ಕನ್ನಡದವೇ ಆಗಿಬಿಟ್ಟಿವೆ. ಭಾರತದ ಅಂಕಿಗಳ ಬಗ್ಗೆ 9ನೇ ಶತಮಾನದ ಬಗ್ದಾದಿನಲ್ಲಿ ಗ್ರಂಥ ಬರೆದವರು ಅಲ್ ಖ್ವಾರಿಝ್ಮಿ. ಅದರ ಲ್ಯಾಟಿನ್ ರೂಪಾಂತರಗಳು ಯುರೋಪಿಗೆ ಈ ಅಂಕಿಗಳನ್ನು ಕಲಿಸಿದವು. ಕಂಪ್ಯೂಟರಿನವರು ದಿನವೂ ಬಳಸುವ 'ಅಲ್ಗಾರಿದಂ' ಎಂಬ ಪದ ಹುಟ್ಟಿದ್ದೇ ಅವರ ಹೆಸರಿನಿಂದ. ಅವರ ಬೀಜಗಣಿತದ ಗ್ರಂಥದಲ್ಲಿ ಒಂದು ದೊಡ್ಡ ಭಾಗ ಮೀಸಲಾಗಿರುವುದು ಉಯಿಲು ಮತ್ತು ವಾರಸು ಹಕ್ಕಿನ ಲೆಕ್ಕಗಳಿಗೆ. ಗಣಿತ ಅವರಿಗೆ ಕೇವಲ ಬುದ್ಧಿಯ ಆಟವಾಗಿರಲಿಲ್ಲ, ಹಕ್ಕುದಾರನಿಗೆ ಹಕ್ಕು ಮುಟ್ಟಿಸುವ ಸಾಧನವೂ ಆಗಿತ್ತು.

ಯಂತ್ರ ಬದಲಾದಂತೆ ದೊರೆಯೂ ಬದಲು

'ಸ್ಪ್ರೆಡ್‌ಶೀಟ್' ಎಂದರೆ ಮೊದಲಿಗೆ ಲೆಕ್ಕಿಗರು ಎದುರುಬದುರು ಪುಟಗಳಲ್ಲಿ ಹರಡಿ ಬರೆಯುತ್ತಿದ್ದ ಅಗಲದ ಕಾಗದ. ಅದರಲ್ಲಿ ಒಂದು ಅಂಕಿ ಬದಲಾದರೆ ಅದನ್ನು ನಂಬಿದ್ದ ಎಲ್ಲ ಮೊತ್ತಗಳನ್ನೂ ಅಳಿಸಿ ಮತ್ತೆ ಕೂಡಬೇಕಿತ್ತು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್‌ಗೆ, ಒಂದು ಅಂಕಿ ತಿದ್ದಿದರೆ ಉಳಿದವು ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯೊಂದು ಇದ್ದರೆ ಹೇಗೆ ಎಂಬ ಯೋಚನೆ ಹೊಳೆಯಿತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅದಕ್ಕೆ ಪ್ರೋಗ್ರಾಂ ಬರೆದರು. 1979ರಲ್ಲಿ 'ವಿಸಿಕ್ಯಾಲ್ಕ್' ಎಂಬ ಹೆಸರಿನಲ್ಲಿ ಅದು ಆಪಲ್-2 ಕಂಪ್ಯೂಟರಿಗೆ ಬಂತು. ಈ ಒಂದು ತಂತ್ರಾಂಶಕ್ಕಾಗಿಯೇ ಕಂಪ್ಯೂಟರ್ ಕೊಂಡವರಿದ್ದರು. ಅಲ್ಲಿಯವರೆಗೆ ದೊಡ್ಡ ಸಂಸ್ಥೆಗಳ ಕೋಣೆಯಲ್ಲಿದ್ದ ಗಣಕಶಕ್ತಿ ಸಣ್ಣ ವ್ಯಾಪಾರಿಯ ಮೇಜಿಗೆ ಇಳಿಯಿತು.

ಆದರೆ ವಿಸಿಕ್ಯಾಲ್ಕ್‌ನ ಆಳ್ವಿಕೆ ಹೆಚ್ಚು ಕಾಲ ಉಳಿಯಲಿಲ್ಲ. ಐಬಿಎಂ ಪಿಸಿ ಬಂದಾಗ, 1983ರಲ್ಲಿ ಮಾರುಕಟ್ಟೆಗೆ ಇಳಿದ 'ಲೋಟಸ್ 1-2-3' ಅದರ ಸ್ಥಾನ ಕಿತ್ತುಕೊಂಡಿತು. ಮೌಸ್ ಮತ್ತು ಚಿತ್ರಗಳ ಕಾಲ ಬಂದಾಗ ಮೈಕ್ರೋಸಾಫ್ಟಿನ ಎಕ್ಸೆಲ್ ಗೆದ್ದಿತು. ಅದು 1985ರಲ್ಲಿ ಮ್ಯಾಕಿಂಟೋಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂದಿತ್ತು. 2006ರಲ್ಲಿ ಗೂಗಲ್ ಕೋಷ್ಟಕವನ್ನು ಅಂತರ್ಜಾಲಕ್ಕೆ ಒಯ್ದಿತು. ಬೇರೆ ಬೇರೆ ಊರಿನಲ್ಲಿ ಕುಳಿತ ನಾಲ್ವರು ಒಂದೇ ಹಾಳೆಯಲ್ಲಿ ಒಟ್ಟಿಗೆ ಬರೆಯುವಂತಾಯಿತು. ಹೀಗೆ ಯಂತ್ರ ಬದಲಾದಾಗಲೆಲ್ಲ ದೊರೆ ಬದಲಾಗಿದ್ದಾನೆ. ಪ್ರಜೆಯಾದ ಚೌಕ ಮಾತ್ರ ಹಾಗೆಯೇ ಉಳಿದಿದೆ.

ಜೊತೆಗೆ ಬಂದ ತಪ್ಪುಗಳು

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೊಸ ಯಂತ್ರಗಳು ಹಳೆಯ ತಪ್ಪುಗಳನ್ನೂ ಹೊತ್ತು ತಂದಿವೆ. 1900 ಅಧಿಕ ವರ್ಷವಲ್ಲ. ಆದರೆ ಲೋಟಸ್ ಅದನ್ನು ಅಧಿಕ ವರ್ಷವೆಂದು ಎಣಿಸಿತು. ಲೋಟಸಿನ ಕಡತಗಳು ತನ್ನಲ್ಲೂ ಸರಿಯಾಗಿ ತೆರೆಯಲಿ ಎಂದು ಎಕ್ಸೆಲ್ ಅದೇ ತಪ್ಪನ್ನು ಅನುಸರಿಸಿತು. ಲೋಟಸ್ ಕಣ್ಮರೆಯಾಯಿತು, ಇಲ್ಲದ 1900ರ ಫೆಬ್ರವರಿ 29 ಮಾತ್ರ ಎಕ್ಸೆಲ್‌ನಲ್ಲಿ ಇಂದಿಗೂ ಇದೆ.

ಇದು ನಗುವ ವಿಷಯವಾದರೆ ಇನ್ನೊಂದು ನಗುವಂಥದ್ದಲ್ಲ. ಹಳೆಯ ಎಕ್ಸೆಲ್ ಹಾಳೆಯಲ್ಲಿ 65,536 ಸಾಲುಗಳಿಗಷ್ಟೇ ಜಾಗವಿತ್ತು. 2007ರ ಆವೃತ್ತಿಯಲ್ಲಿ ಅದು 10,48,576ಕ್ಕೆ ಏರಿತು. ಆದರೂ 2020ರಲ್ಲಿ, ಕೋವಿಡ್ ಉಲ್ಬಣಿಸುತ್ತಿದ್ದಾಗ, ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಪ್ರಯೋಗಾಲಯಗಳ ಮಾಹಿತಿಯನ್ನು ಹಳೆಯ ಮಾದರಿಯ ಕಡತಕ್ಕೆ ತುಂಬುತ್ತಿತ್ತು. ಜಾಗ ಮುಗಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಸೋಂಕಿತರು ದೈನಂದಿನ ಲೆಕ್ಕದಿಂದ ಹೊರಗುಳಿದರು. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕೆಲಸ ತಡವಾಯಿತು. ಸಾಲುಗಳು ಉದುರಿದಾಗ ಯಂತ್ರ ಕೂಗಲಿಲ್ಲ. ಯಾರೂ ಎಣಿಸಿ ನೋಡಿರಲಿಲ್ಲ.

ಇನ್ನೊಂದು ಪ್ರಕರಣ ಅರ್ಥಶಾಸ್ತ್ರದ್ದು. ಸಾಲ ರಾಷ್ಟ್ರೀಯ ಆದಾಯದ ಶೇ. 90 ದಾಟಿದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಬಂಧ ಬರೆದರು. ಸರಕಾರಿ ಖರ್ಚು ಕಡಿತವನ್ನು ಬೆಂಬಲಿಸುವವರು ಅದನ್ನು ಎತ್ತಿ ಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಲೇಖಕರಿಂದಲೇ ಅವರ ಹಾಳೆಯನ್ನು ಕೇಳಿ ಪಡೆದು ನೋಡಿದಾಗ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳು ಬಿಟ್ಟುಹೋಗಿರುವುದು ಕಂಡಿತು. ಅದರ ಜೊತೆಗೆ ಬೇರೆ ಆಯ್ಕೆಗಳನ್ನೂ ಪ್ರಶ್ನಿಸಿ ಹರ್ನ್‌ಡನ್ ಮತ್ತು ಸಂಗಡಿಗರು 2013ರಲ್ಲಿ ಲೆಕ್ಕ ಮಾಡಿದಾಗ, ಅಂಥ ದೇಶಗಳ ಸರಾಸರಿ ಬೆಳವಣಿಗೆ ಶೇ. -0.1 ಅಲ್ಲ, ಶೇ. 2.2 ಎಂದು ಬಂತು. ಹಾಳೆ ಕೈಗೆ ಸಿಗದೆ ಹೋಗಿದ್ದರೆ ಆ ತಪ್ಪು ಹೊರಬೀಳುವುದು ಸುಲಭವಿರಲಿಲ್ಲ.

ಹೊಸ ತಿರುವು

ಈಗ ಕೋಷ್ಟಕ ಇನ್ನೊಮ್ಮೆ ರೂಪ ಬದಲಿಸುತ್ತಿದೆ. ಬಳಕೆದಾರನೇ ತನ್ನ ಸೂತ್ರಕ್ಕೆ ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಸೌಲಭ್ಯವನ್ನು ಎಕ್ಸೆಲ್ 2020ರ ಕೊನೆಗೆ ಪ್ರಕಟಿಸಿತು. 2023ರಲ್ಲಿ ಪೈಥಾನ್ ಭಾಷೆ ಅದರೊಳಗೆ ಬಂತು. 2025ರ ಆಗಸ್ಟಿನಲ್ಲಿ, ಚೌಕದಲ್ಲಿ ಮಾತಿನಲ್ಲೇ ಪ್ರಶ್ನೆ ಬರೆದರೆ ಕೃತಕ ಬುದ್ಧಿಮತ್ತೆ ಉತ್ತರ ತುಂಬುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಪ್ರಯೋಗಕ್ಕೆ ಬಿಟ್ಟಿತು. ನಿಖರತೆ ಬೇಕಾದ, ಮತ್ತೆ ಮಾಡಿದಾಗ ಅದೇ ಉತ್ತರ ಬರಬೇಕಾದ ಕೆಲಸಕ್ಕೆ ಇದನ್ನು ಬಳಸಬೇಡಿ ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ನಿಖರವಲ್ಲದ ಲೆಕ್ಕವನ್ನು ಲೆಕ್ಕ ಎನ್ನಬಹುದೇ?

ಬ್ರಿಕ್ಲಿನ್ ಕೊಟ್ಟ ಚೌಕದ ಹಿಂದೆ ಒಂದು ಸೂತ್ರವಿತ್ತು. ಅದು ತಪ್ಪಿದ್ದರೂ ಕ್ಲಿಕ್ಕಿಸಿದರೆ ಕಾಣುತ್ತಿತ್ತು. ಹೊಸ ಚೌಕದ ಹಿಂದೆ ಇರುವುದು ಒಂದು ಪ್ರಶ್ನೆ ಮಾತ್ರ; ಉತ್ತರ ಹೇಗೆ ಬಂತು ಎಂಬುದಿಲ್ಲ.

ಇದರಿಂದ ಏನಾಗಬಹುದು ಎಂಬುದಕ್ಕೆ ವಾರಸಿನ ಲೆಕ್ಕವನ್ನೇ ನೋಡೋಣ. ಒಬ್ಬ ಮಹಿಳೆ ಗಂಡನನ್ನೂ ಇಬ್ಬರು ಒಡಹುಟ್ಟಿದ ಸೋದರಿಯರನ್ನೂ ಮಾತ್ರ ಬಿಟ್ಟು ತೀರಿಕೊಂಡರೆ, ಗಂಡನ ಪಾಲು ಅರ್ಧ, ಸೋದರಿಯರದ್ದು ಮೂರರಲ್ಲಿ ಎರಡು. ಆಸ್ತಿ 42 ಲಕ್ಷವಾದರೆ 21 ಮತ್ತು 28 ಸೇರಿ 49 ಲಕ್ಷ! ಹಝ್ರತ್ ಉಮರ್(ರ)ರ ಕಾಲದಲ್ಲಿ ಇಂಥದೇ ಪ್ರಶ್ನೆ ಎದುರಾದಾಗ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುವ 'ಔಲ್' ಕ್ರಮ ಬಂತೆಂದು ಹೇಳಲಾಗುತ್ತದೆ. ಸುನ್ನೀ ಮದ್‌ಹಬ್‌ಗಳಲ್ಲಿ ಅದರಂತೆ ಗಂಡನಿಗೆ 18, ಸೋದರಿಯರಿಗೆ 24 ಲಕ್ಷ. ಶಿಯಾ ಕರ್ಮಶಾಸ್ತ್ರದಲ್ಲಿ ಕೊರತೆ ಸೋದರಿಯರ ಪಾಲಿಗೇ ಬೀಳುವುದರಿಂದ ಇಬ್ಬರೂ ಬದಿಗೆ 21 ಲಕ್ಷ. ಎರಡು ಉತ್ತರಗಳ ಮೊತ್ತವೂ 42 ಲಕ್ಷಕ್ಕೆ ತಾಳೆಯಾಗುತ್ತದೆ. ಯಂತ್ರ 21 ಎಂದು ತುಂಬಿ, ಯಾವ ನಿಯಮದಂತೆ ತುಂಬಿದೆ ಎಂದು ಹೇಳದಿದ್ದರೆ, ಸುನ್ನೀ ಮನೆಯ ಆ ಸೋದರಿಯರು ಮೂರು ಲಕ್ಷ ಕಳೆದುಕೊಂಡದ್ದು ಅವರಿಗೇ ತಿಳಿಯುವುದಿಲ್ಲ. ಮೊತ್ತ ತಾಳೆಯಾದ ಮಾತ್ರಕ್ಕೆ ನ್ಯಾಯ ತಾಳೆಯಾಗುವುದಿಲ್ಲ.

ಬೇಕಾಗಿರುವುದು ಸಾಕ್ಷಿ

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃದ 282ನೆಯದು ಸಾಲದ ಲೆಕ್ಕ ಬರೆದಿಡುವುದರ ಕುರಿತದ್ದು ಎಂಬುದು ಇಲ್ಲಿ ನೆನಪಾಗುತ್ತದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲ ಪಡೆದವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂಬುದು ಅದರ ಆಶಯ. ಲೇಖನಿ ಯಾವುದು ಎಂಬುದಕ್ಕಿಂತ ಬರೆದದ್ದನ್ನು ನೋಡಬಲ್ಲವರು ಇದ್ದಾರೆಯೇ ಎಂಬುದು ಅಲ್ಲಿ ಮುಖ್ಯ. ಧರ್ಮ ಯಾವುದೇ ಇರಲಿ, ಈ ಮಾತನ್ನು ಒಪ್ಪದ ಪ್ರಾಮಾಣಿಕ ಲೆಕ್ಕಿಗನಿಲ್ಲ.

ಮುಂದಿನ ಕೋಷ್ಟಕ ನಮ್ಮ ಮಾತನ್ನು ಕೇಳಬಹುದು, ಸೂತ್ರವನ್ನು ತಾನೇ ಬರೆಯಬಹುದು. ಬೇಡವೆನ್ನಲು ಕಾರಣವಿಲ್ಲ, ಲೆಕ್ಕ ಬಾರದವರ ಕೈಗೂ ಲೆಕ್ಕ ಬರಲಿ. ಆದರೆ ಯಂತ್ರ ಉತ್ತರ ತುಂಬುವ ಬದಲು ಸೂತ್ರ ಬರೆದು ತೋರಿಸಲಿ. ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ ಉಳಿಯಲಿ. ನಮ್ಮ ಜಮಾಅತ್, ಸಹಕಾರ ಸಂಘ, ಶಾಲಾ ಸಮಿತಿಗಳು ಮುದ್ರಿತ ಮೊತ್ತವನ್ನಷ್ಟೇ ಸಭೆಯ ಮುಂದಿಡದೆ ಹಾಳೆಯನ್ನೇ ತೆರೆದಿಡುವ ರೂಢಿ ಮಾಡಿಕೊಳ್ಳಲಿ. ಲೆಕ್ಕ ಮಾಡುವ ಕೆಲಸವನ್ನು ನಾವು ಯಂತ್ರಕ್ಕೆ ಒಪ್ಪಿಸಬಹುದು. ಆ ಲೆಕ್ಕಕ್ಕೆ ಉತ್ತರ ಹೇಳುವ ಹೊಣೆಯನ್ನು ಒಪ್ಪಿಸಲಾಗದು.