ಡಂಗುರವೋ, ಕಾನೂನೋ? ಕ್ರಿಯಾನನ ಆಜ್ಞೆ ಮತ್ತು 1930ರ ಸೊಲ್ಲಾಪುರ

ಸೋಫೋಕ್ಲೀಸನ ‘ಅಂತಿಗೊನೆ’ ನಾಟಕವನ್ನು ಓದಿಸುವಾಗ ನಮ್ಮಲ್ಲಿ ಒಂದು ಸೂತ್ರ ಸಲೀಸಾಗಿ ಬಂದುಬಿಡುತ್ತದೆ: ರಾಜ ಕ್ರಿಯಾನನದು ರಾಜ್ಯದ ಕಾನೂನು, ಅಂತಿಗೊನೆಯದು ದೈವದ ಮತ್ತು ಮನೆತನದ ಧರ್ಮ, ಎರಡೂ ಸರಿ, ಎರಡೂ ಅರೆಬರೆ, ಅವುಗಳ ಡಿಕ್ಕಿಯೇ ದುರಂತ. ಈ ಸೂತ್ರದ ಮೂಲ ಜರ್ಮನ್ ತತ್ವಜ್ಞಾನಿ ಹೆಗೆಲ್. 1807ರ ತನ್ನ ಗ್ರಂಥದಲ್ಲಿಯೂ ಆಮೇಲಿನ ಉಪನ್ಯಾಸಗಳಲ್ಲಿಯೂ ಆತ ಈ ನಾಟಕಕ್ಕೆ ಮತ್ತೆಮತ್ತೆ ಮರಳಿದ. ಅವನ ಮಾತಿನಲ್ಲಿದ್ದ ನಾಜೂಕು ಪಠ್ಯಪುಸ್ತಕಗಳ ದಾರಿಯಲ್ಲಿ ಸವೆದುಹೋಯಿತು. ‘ಇಬ್ಬರೂ ಸರಿ’ ಎಂಬುದಷ್ಟೇ ಉಳಿಯಿತು. ಈ ಲೇಖನದ ತಕರಾರು ಆ ಸೂತ್ರದ ಮೊದಲರ್ಧದ ಮೇಲೆ. ಕ್ರಿಯಾನ್ ಹೊರಡಿಸಿದ್ದು ಕಾನೂನೇ?

ಉಳಿದ ವಿಷಯಗಳಲ್ಲಿ ವಿದ್ವಾಂಸರ ನಡುವೆ ಅಂಥ ಜಗಳವಿಲ್ಲ. ನಾಟಕ ಕ್ರಿ.ಪೂ. 441ರ ಆಸುಪಾಸಿನದು. ಸೋಫೋಕ್ಲೀಸ್ ಬರೀ ಕವಿಯಲ್ಲ, ಅಥೆನ್ಸಿನ ಆಡಳಿತಗಾರ ಕೂಡ: ಮಿತ್ರನಗರಗಳ ಒಕ್ಕೂಟದ ಕಪ್ಪಕಾಣಿಕೆ ನೋಡಿಕೊಳ್ಳುವ ಖಜಾಂಚಿಗಳಲ್ಲಿ ಒಬ್ಬನಾಗಿದ್ದ, ಸೇಮೋಸ್ ದ್ವೀಪದ ಮೇಲಿನ ಯುದ್ಧದಲ್ಲಿ ಪೆರಿಕ್ಲೀಸನ ಜೊತೆ ದಂಡನಾಯಕನಾಗಿದ್ದ. ‘ಅಂತಿಗೊನೆ’ ಜನಮೆಚ್ಚುಗೆ ಗಳಿಸಿದ್ದರಿಂದಲೇ ಆ ಹುದ್ದೆ ಸಿಕ್ಕಿತೆಂದು ಹಳೆಯ ಟಿಪ್ಪಣಿಯೊಂದು ಹೇಳುತ್ತದೆ. ಅದು ನಿಜವಿರಲಿ ಸುಳ್ಳಿರಲಿ, ಅಥೆನ್ಸಿನವರು ಈ ನಾಟಕವನ್ನು ಆಡಳಿತದ ಮಾತಾಗಿ ಕೇಳಿಸಿಕೊಂಡರೆಂಬುದಕ್ಕೆ ಸಾಕ್ಷಿಯಂತೂ ಹೌದು. ಇಪ್ಪತ್ತನೆಯ ಶತಮಾನದಲ್ಲಿ ಬರ್ನಾರ್ಡ್ ನಾಕ್ಸ್ ಅಂತಿಗೊನೆಯ ಹಟವನ್ನೇ ಅವಳ ಹಿರಿಮೆಯಾಗಿ ಕಂಡ. ಮಾರ್ಥಾ ನುಸ್‌ಬಾಮ್ ಇಬ್ಬರ ಲೋಕವೂ ಕಿರಿದೆಂದಳು. ಕನ್ನಡಕ್ಕೆ ಪಿ. ಲಂಕೇಶರು ‘ದೊರೆ ಈಡಿಪಸ್’ ಜೊತೆಗೆ ಇದನ್ನೂ ತಂದರು. ಅದಕ್ಕೂ ಬಹಳ ಮೊದಲು, 1929ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದ್ದರು. ಚಿರಂಜೀವಿಯನ್ನು ಸಾಯಿಸಿದರಲ್ಲ ಎಂದು ಅವರ ಮೇಲೆ ಆದ ಗದ್ದಲ ಎಲ್ಲರಿಗೂ ಗೊತ್ತು. ಆ ಗದ್ದಲದಲ್ಲಿ ಒಂದು ಸಂಗತಿ ಮರೆಯಾಯಿತು: ‘ಅಜಾಕ್ಸ್’ ನಾಟಕದ ಕೊನೆಯ ಭಾಗದ ಜಗಳವೂ ಸತ್ತವನ ಶವಸಂಸ್ಕಾರದ್ದೇ.

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ಥೀಬ್ಸ್ ಪಟ್ಟಣದ ಮೇಲೆ ದಂಡೆತ್ತಿ ಬಂದ ಆರ್ಗೋಸಿನ ಸೈನ್ಯ ರಾತ್ರೋರಾತ್ರಿ ಓಡಿಹೋಗಿದೆ. ಅಂತಿಗೊನೆಯ ಒಡಹುಟ್ಟಿದ ಅಣ್ಣತಮ್ಮಂದಿರಾದ ಎಟಿಯೊಕ್ಲಿಸ್, ಪಾಲಿನೈಸಸ್ ಒಬ್ಬರನ್ನೊಬ್ಬರು ಇರಿದು ಸತ್ತಿದ್ದಾರೆ. ಕ್ರಿಯಾನನ ಆಜ್ಞೆ ಹೀಗಿದೆ: ಊರನ್ನು ಕಾಯ್ದ ಎಟಿಯೊಕ್ಲಿಸನಿಗೆ ಗೌರವದ ಸಂಸ್ಕಾರ. ಶತ್ರುಸೈನ್ಯವನ್ನು ಕರೆತಂದ ಪಾಲಿನೈಸಸನಿಗೆ ಮಣ್ಣೂ ಇಲ್ಲ, ಅಳುವವರೂ ಇರಕೂಡದು. ಮೀರಿದವರಿಗೆ ಊರ ನಡುವೆ ಕಲ್ಲೇಟಿನ ಸಾವು. ಕಥೆಯ ಈ ಸಾರಾಂಶ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆದರೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬ ಅನುಕ್ರಮಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ನಾಟಕ ಆರಂಭವಾಗುವುದು ನಸುಕಿನಲ್ಲಿ. ಅಂತಿಗೊನೆ ತಂಗಿ ಇಸ್ಮೆನೆಯನ್ನು ಅರಮನೆಯ ಬಾಗಿಲಾಚೆ ಕರೆದು ತಂದಿದ್ದಾಳೆ. ಆಜ್ಞೆಯ ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿದೆ. ತಿಳಿಯದವರಿಗೆ ತಿಳಿಸಲು ಕ್ರಿಯಾನ್ ಖುದ್ದಾಗಿ ಬರಲಿದ್ದಾನಂತೆ. ಆಮೇಲೆ ಮೇಳದ ಹಿರಿಯರು ಗೆಲುವಿನ ಹಾಡು ಹಾಡುತ್ತ ಬರುತ್ತಾರೆ. ಇವರೇ ಊರಿನ ಹಿರಿತಲೆಗಳು, ಹಳೆಯ ದೊರೆಗಳಿಗೆ ನಿಷ್ಠರಾಗಿದ್ದವರು. ಕ್ರಿಯಾನ್ ಇವರನ್ನು ಹೇಳಿ ಕಳಿಸಿ ಕರೆಸಿಕೊಂಡಿದ್ದಾನೆ. ಕರೆಸಿದ್ದು ಕೇಳುವುದಕ್ಕಲ್ಲ, ಹೇಳುವುದಕ್ಕೆ. ಆತ ಮಾತು ಮುಗಿಸಿದ ಮೇಲೆ ಹಿರಿಯರ ಉತ್ತರ ಹುಷಾರಿನದು: ಸತ್ತವರಿಗೂ ಬದುಕಿದವರಿಗೂ ಬೇಕಾದ ವಿಧಿ ಹಾಕುವ ಅಧಿಕಾರ ನಿನಗಿದೆ. ಒಪ್ಪಿದೆವು ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಇದನ್ನು ನೀವೇ ಕಾಯಬೇಕು ಎಂದಾಗ, ಆ ಹೊರೆ ಹರೆಯದವರ ಮೇಲೆ ಹಾಕು ಎನ್ನುತ್ತಾರೆ. ಆಗ ಗೊತ್ತಾಗುತ್ತದೆ: ಹೆಣದ ಬಳಿ ಕಾವಲು ಆಗಲೇ ಕೂತಿದೆ.

ಅಷ್ಟರಲ್ಲೇ ಆ ಕಾವಲುಗಾರರಲ್ಲಿ ಒಬ್ಬ ಅಂಜುತ್ತ ಬಂದು, ಯಾರೋ ಹೆಣದ ಮೇಲೆ ಒಣಮಣ್ಣು ಉದುರಿಸಿ ಹೋಗಿದ್ದಾರೆ ಎನ್ನುತ್ತಾನೆ. ಸುದ್ದಿ ತರುವವನು ಯಾರೆಂದು ಅವರವರೇ ಚೀಟಿ ಎತ್ತಿದ್ದರು, ಆ ಗ್ರಹಚಾರ ಇವನ ಪಾಲಿಗೆ ಬಂದಿತ್ತು. ಅಂದರೆ ಹಿರಿಯರಿಗೆ ಆಜ್ಞೆಯನ್ನು ಅಧಿಕೃತವಾಗಿ ತಿಳಿಸುವ ಹೊತ್ತಿಗೆ ಅದು ಜಾರಿಯೂ ಆಗಿತ್ತು, ಮುರಿದೂ ಹೋಗಿತ್ತು. ಇದನ್ನು ಕಾನೂನು ಎನ್ನುವುದು ಕಷ್ಟ. ಗೆದ್ದ ದಂಡಿನ ನಾಯಕ ಮರುದಿನ ಬೆಳಗಾಗುವ ಮೊದಲೇ ಸಾರಿಸಿದ ಡಂಗುರ ಎನ್ನಬಹುದು.

ಈ ವಾದವನ್ನು ಇನ್ನಷ್ಟು ಹತ್ತಿರದಿಂದ ನೋಡಲು ಸೊಲ್ಲಾಪುರ ಜಿಲ್ಲೆಯ ಒಂದು ಪ್ರಸಂಗ ನೆರವಾಗುತ್ತದೆ. 1930ರ ಮೇ ಮೊದಲ ವಾರದಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಮೇ 8ರಂದು ಗೋಲಿಬಾರ್ ಆಯಿತು. ಕೆರಳಿದ ಗುಂಪು ಪೊಲೀಸ್ ಚೌಕಿಗೆ ಬೆಂಕಿ ಹಚ್ಚಿತು, ಪೊಲೀಸರೂ ಸತ್ತರು. ಆಮೇಲಿನ ಕೆಲವು ದಿನ ಸರಕಾರಿ ಆಡಳಿತ ಊರಿನಲ್ಲಿ ಇರಲಿಲ್ಲವೆಂದೇ ಹೇಳಬೇಕು. ಸ್ವಯಂಸೇವಕರೇ ಊರನ್ನು ನೋಡಿಕೊಂಡರು. ಮೇ 12ರಂದು ಮಾರ್ಷಲ್ ಲಾ ಬಂತು. ಗಾಂಧಿ ಟೋಪಿ ತಲೆಯ ಮೇಲಿದ್ದರೆ ತೆಗೆಸುತ್ತಿದ್ದರು, ಧ್ವಜ ಹಿಡಿದವರು ಜೈಲು ಸೇರುತ್ತಿದ್ದರು. ಇಲ್ಲಿ ಗಮನಿಸಬೇಕಾದ್ದು ಅನುಕ್ರಮ: ಮೊದಲು ಸೈನ್ಯದ ಆಜ್ಞೆ ಜಾರಿಯಾಯಿತು, ಅದಕ್ಕೆ ಕಾನೂನಿನ ಅಂಗಿ ತೊಡಿಸುವ ವೈಸರಾಯ್ ಇರ್ವಿನ್ನನ ಸುಗ್ರೀವಾಜ್ಞೆ ಆಮೇಲೆ ಬಂತು. ಇಂಥ ಆಡಳಿತ ಎಷ್ಟರಮಟ್ಟಿಗೆ ಅಗತ್ಯವಿತ್ತು ಎಂಬ ಪ್ರಶ್ನೆ ಕೊನೆಗೆ ಮುಂಬಯಿ ಹೈಕೋರ್ಟಿನ ಪೂರ್ಣ ಪೀಠದವರೆಗೂ ಹೋಯಿತು. ನ್ಯಾಯಾಧೀಶರೇ ತಲೆ ಕೆಡಿಸಿಕೊಂಡ ಈ ಪ್ರಶ್ನೆಯನ್ನು ಥೀಬ್ಸಿನ ಮಟ್ಟಿಗೆ ಹೆಗೆಲ್ ಕೇಳಲೇ ಇಲ್ಲ.

ಇನ್ನೊಂದು ಸಂಗತಿ ಭೂಗೋಳದ್ದು. ಆಗ ಸೊಲ್ಲಾಪುರದ ನೆರೆಯ ಅಕ್ಕಲಕೋಟೆ ಭೋಸಲೆಯವರ ಸಂಸ್ಥಾನ. ಸೊಲ್ಲಾಪುರದ ಸೇನಾ ಅಧಿಕಾರಿಯ ಮಾತು ಸಂಸ್ಥಾನದ ಗಡಿಗೆ ಬಂದು ನಿಲ್ಲುತ್ತಿತ್ತು, ಗಡಿಯ ಎರಡೂ ಬದಿ ಒಂದೇ ಕನ್ನಡ ಆಡುವ ಜನರಿದ್ದರೂ. ಇಂದಿನ ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿ, ದುಧನಿಗಳಂಥ ಊರುಗಳಲ್ಲಿ ಮನೆಯೊಳಗೆ ಕನ್ನಡ, ನಗರ ಪರಿಷತ್ತಿನ ಕಾಗದಪತ್ರದಲ್ಲಿ ಮರಾಠಿ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು; ಅದು ಕಾಗದದಲ್ಲೇ ಉಳಿಯಿತು. ಸರಕಾರದ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಮೈಂದರ್ಗಿಯ ಓದುಗನಿಗೆ ನಿತ್ಯದ ಅನುಭವ. ‘ಅಂತಿಗೊನೆ’ಯ ಚರ್ಚೆಯಲ್ಲಿಯೂ ಗಡಿಯ ಮಾತು ತೂಕದ್ದೇ. ಅಥೆನ್ಸಿನ ಕಾನೂನು ದ್ರೋಹಿಗಳ ಹೆಣವನ್ನು ಅಟಿಕಾದ ನೆಲದಲ್ಲಿ ಹೂಳಬಾರದು ಎನ್ನುತ್ತಿತ್ತು. ಗಡಿಯಾಚೆ ಹೂಳುವುದಕ್ಕೆ ಅಡ್ಡಿಯಿರಲಿಲ್ಲ. ದ್ರೋಹದ ಆರೋಪ ಹೊತ್ತು ಪರದೇಶದಲ್ಲಿ ಸತ್ತ ಥೆಮಿಸ್ಟೋಕ್ಲೀಸನ ಮೂಳೆಗಳನ್ನು ನಂಟರು ಗುಟ್ಟಾಗಿ ಅಟಿಕಾಕ್ಕೆ ತಂದು ಹೂಳಿದರೆಂಬ ಮಾತನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸುತ್ತಾನೆ. ಕ್ರಿಯಾನ್ ಮಾಡಿದ್ದು ಇದಕ್ಕಿಂತ ಹೆಚ್ಚಿನದು: ಹೆಣವನ್ನು ಗಡಿಯಾಚೆ ಒಯ್ಯಲೂ ಬಿಡದೆ, ಊರ ಹೊರಗೆ ನಾಯಿನರಿಗಳ ಎದುರಿಗೆ ಇಟ್ಟು ಕಾವಲು ಕೂರಿಸಿದ. ಅಥೆನ್ಸಿನ ಪ್ರೇಕ್ಷಕ ತನ್ನ ಕಾನೂನನ್ನು ನೆನಪಿಟ್ಟುಕೊಂಡು ನೋಡಿದ್ದರೆ ಈ ಹೆಚ್ಚುವರಿ ಅವನ ಕಣ್ಣಿಗೆ ಬೀಳದಿರಲು ಸಾಧ್ಯವಿಲ್ಲ.

ಇದಕ್ಕೆ ಎದುರಾಗಿ ಬಲವಾದ ಸಾಕ್ಷ್ಯ ಒಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಕ್ರಿ.ಪೂ. 343ರಲ್ಲಿ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ತನ್ನ ಎದುರಾಳಿ ಈಸ್ಕಿನೀಸನ ಮೇಲೆ ನ್ಯಾಯಾಲಯದಲ್ಲಿ ಹರಿಹಾಯುವಾಗ ಕ್ರಿಯಾನನ ಮೊದಲ ಭಾಷಣವನ್ನೇ ಗುಮಾಸ್ತನಿಂದ ಓದಿಸಿದ. ಈಸ್ಕಿನೀಸ್ ಹಿಂದೆ ನಟನಾಗಿ ಅದೇ ಪಾತ್ರ ಮಾಡಿದ್ದವನು. ಆಡಿದ ಮಾತಿನಂತೆ ನಡೆಯಲಿಲ್ಲ ಎಂಬುದು ಆರೋಪ. ಊರಿಗಿಂತ ಗೆಳೆಯನನ್ನು ದೊಡ್ಡವನೆಂದು ಎಣಿಸುವವನು ಪ್ರಯೋಜನಕ್ಕೆ ಬಾರದವನು ಎಂಬ ಕ್ರಿಯಾನನ ನಿಲುವು ಅಥೆನ್ಸಿನ ಜನಕ್ಕೆ ಆದರ್ಶವಾಗಿಯೇ ಕೇಳಿಸಿತ್ತು ಎಂದಾಯಿತು. ಹಾಗಾದರೆ ಆಜ್ಞೆಯೂ ಅವರಿಗೆ ನ್ಯಾಯವಾಗಿಯೇ ಕಂಡಿತ್ತೇ? ಹಾಗೆ ಹೇಳಲಾಗದು. ಡೆಮಾಸ್ತನೀಸ್ ಓದಿಸಿದ್ದು ತತ್ವದ ಸಾಲುಗಳನ್ನು. ಆಜ್ಞೆಗೆ ಬರುವ ಮೊದಲೇ ನಿಲ್ಲಿಸಿದ. ನಾಟಕ ಬಂದು ಸುಮಾರು ನೂರು ವರ್ಷಗಳ ನಂತರದ ವಕೀಲನೊಬ್ಬ ತನಗೆ ಬೇಕಾದಷ್ಟನ್ನೇ ಹೆಕ್ಕಿಕೊಂಡ ಎಂಬುದನ್ನೂ ಮರೆಯಬಾರದು. ತತ್ವ ಒಪ್ಪುವಂಥದು, ಅದರಿಂದ ಕ್ರಿಯಾನ್ ಎಳೆದ ಆಜ್ಞೆ ಬೇರೆಯದು. ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳ ಪ್ರಯೋಗದಲ್ಲಿ ಕ್ರಿಯಾನನ ಪಾತ್ರವನ್ನೇ ಮಾಡಿದ್ದರು. ಆತ್ಮಕಥೆಯಲ್ಲಿ ಅವರು ಆ ಮೊದಲ ಭಾಷಣವನ್ನು ಮೆಚ್ಚುತ್ತಾರೆ, ಆಮೇಲಿನ ಕ್ರಿಯಾನನನ್ನು ಮೆಚ್ಚುವುದಿಲ್ಲ. ಓದುವ ಸರಿಯಾದ ಕ್ರಮ ಇದೇ ಇರಬಹುದು.

ಆಜ್ಞೆ ಕಾನೂನಾಗಿರಲಿಲ್ಲ ಎಂಬುದಕ್ಕೆ ಇನ್ನೊಂದು ಗುರುತು ಅದರ ಅಲುಗಾಟ. ಹೆಣಕ್ಕೆ ಮಣ್ಣು ಹಾಕಿದ ಅಂತಿಗೊನೆ ಸಿಕ್ಕಿಬಿದ್ದಾಗ ಕ್ರಿಯಾನ್ ಮೊದಲು ಅಕ್ಕತಂಗಿಯರಿಬ್ಬರಿಗೂ ಸಾವು ಎನ್ನುತ್ತಾನೆ. ಹಿರಿಯರು ಒಂದು ಪ್ರಶ್ನೆ ಕೇಳಿದ್ದೇ ತಡ, ಇಸ್ಮೆನೆಯನ್ನು ಬಿಟ್ಟುಬಿಡುತ್ತಾನೆ. ಕಲ್ಲೇಟಿನ ಶಿಕ್ಷೆಯಂತೂ ಪೂರ್ತಿ ಬದಲಾಗುತ್ತದೆ. ಕಲ್ಲೆಸೆಯಲು ಊರ ಜನರ ಕೈ ಬೇಕು. ಆದರೆ ಊರೆಲ್ಲ ಅವಳ ಪರವಾಗಿ ಗುಸುಗುಸು ಆಡುತ್ತಿದೆ ಎಂದು ಮಗ ಹೈಮನ್ ಆಗಷ್ಟೇ ಹೇಳಿ ಹೋಗಿದ್ದಾನೆ. ಆಮೇಲೆ ಕ್ರಿಯಾನ್ ಆರಿಸಿಕೊಳ್ಳುವುದು ಜನರ ಕೈಯೇ ಬೇಡದ ಶಿಕ್ಷೆ: ಜನ ಓಡಾಡದ ಜಾಗದ ಗವಿಯಲ್ಲಿ, ಪಾಪ ತಟ್ಟದಷ್ಟು ಅನ್ನ ಕೊಟ್ಟು, ಜೀವಂತವಾಗಿ ಮುಚ್ಚುವುದು. ಹೀಗೆ ಮಾತಿನಿಂದ ಮಾತಿಗೆ ಬದಲಾಗುವ ಕಟ್ಟಳೆಯನ್ನು ‘ರಾಜ್ಯದ ಧರ್ಮ’ ಎಂದು ತಕ್ಕಡಿಯ ಒಂದು ಬದಿಗೆ ಇಡುವುದು ಹೇಗೆ?

ಹಾಗೆಂದು ಎಲ್ಲ ತುರ್ತು ಆಜ್ಞೆಗಳೂ ಅನ್ಯಾಯ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಯುದ್ಧ ಮುಗಿದ ರಾತ್ರಿ ದಂಡನಾಯಕನಿಗೆ ಸಭೆ ಸೇರಿಸಲು ಪುರುಸೊತ್ತಿಲ್ಲದಿರಬಹುದು. ಸೊಲ್ಲಾಪುರದ ಹೋಲಿಕೆಗೂ ಮಿತಿಯಿದೆ: ಅಲ್ಲಿದ್ದದ್ದು ಪರಕೀಯ ಸರಕಾರ, ಕ್ರಿಯಾನನಾದರೋ ಸತ್ತವನ ಸ್ವಂತ ಸೋದರಮಾವ. ಎರಡಕ್ಕೂ ಸಮಾನವಾದ ಪ್ರಶ್ನೆ ಒಂದೇ: ತುರ್ತು ಯಾವಾಗ ಮುಗಿಯಿತು, ಮುಗಿಯಿತೆಂದು ಹೇಳಬೇಕಾದವರು ಯಾರು? ಸೊಲ್ಲಾಪುರದ ಮಾರ್ಷಲ್ ಲಾ ಜೂನ್ ಕೊನೆಗೆ ಮುಗಿಯಿತು. ಆದರೆ ಪೊಲೀಸರ ಕೊಲೆಯ ಮೊಕದ್ದಮೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ನಾಲ್ವರ ಪುತ್ಥಳಿಗಳು ಇಂದು ಸೊಲ್ಲಾಪುರದ ಚೌಕದಲ್ಲಿವೆ.

ಭಾರತದ ಓದುಗನಿಗೆ ಈ ಪ್ರಶ್ನೆ ಹೊಸದಲ್ಲ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅಣ್ಣ ರಾವಣನ ಸಂಸ್ಕಾರಕ್ಕೆ ವಿಭೀಷಣನೇ ಹಿಂಜರಿಯುತ್ತಾನೆ. ಗೆದ್ದ ರಾಮ, ಹಗೆ ಸಾವಿಗೇ ಮುಗಿಯಿತೆಂದು ಹೇಳಿ ಮಾಡಿಸುತ್ತಾನೆ. ಥೀಬ್ಸಿನ ಪ್ರಸಂಗ ಇಲ್ಲಿ ತಲೆಕೆಳಗಾಗಿದೆ: ಒಡಹುಟ್ಟಿದವನು ಒಲ್ಲೆನ್ನುತ್ತಾನೆ, ನಾಯಕ ಮಾಡೆನ್ನುತ್ತಾನೆ. ‘ಅಜಾಕ್ಸ್’ನಲ್ಲಿ ಅಗಮೆಮ್ನಾನ್ ಮನಸ್ಸಿಲ್ಲದ ಮನಸ್ಸಿನಿಂದ ಒಡಿಸಿಯಸ್ಸನ ಮಾತಿಗೆ ಬಾಗುತ್ತಾನೆ. ಸೋಫೋಕ್ಲೀಸನಿಗೂ ಬಾಗುವ ಅರಸರು ಗೊತ್ತಿದ್ದರು.

ಕ್ರಿಯಾನನೂ ಕೊನೆಗೆ ಬಾಗುತ್ತಾನೆ. ಹದ್ದುನಾಯಿಗಳು ತಂದ ಹೆಣದ ಮಾಂಸದಿಂದ ಬಲಿಪೀಠಗಳು ಮೈಲಿಗೆಯಾಗಿವೆ ಎಂದು ಕುರುಡ ಕಣಿಗಾರ ಟೈರೀಸಿಯಸ್ ಎಚ್ಚರಿಸಿ ಹೋದ ಮೇಲೆ ಆತ ಮೊದಲ ಬಾರಿಗೆ ಹಿರಿಯರನ್ನು ಕೇಳುತ್ತಾನೆ: ಏನು ಮಾಡಲಿ? ಅವರು ಹೇಳುವುದು ಸ್ಪಷ್ಟ. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಗೋರಿ ಕಟ್ಟು. ದೂತನ ವರದಿಯಲ್ಲಿ ಕ್ರಮ ತಿರುಗುಮುರುಗು: ಅಳಿದುಳಿದ ಹೆಣವನ್ನು ತೊಳೆದು, ಸುಟ್ಟು, ದಿಬ್ಬ ಎಬ್ಬಿಸಿ, ಅಷ್ಟೆಲ್ಲ ಮುಗಿಸಿ ಗವಿಯತ್ತ ಹೋದರು. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಳು. ಕಣಿಯ ಭಯಕ್ಕೆ ಮೈಲಿಗೆ ಕಳೆಯುವುದೇ ಮೊದಲ ಕೆಲಸವೆಂದು ಆತ ಎಣಿಸಿರಬಹುದು. ಬದುಕಿರುವವಳನ್ನು ಎದುರಿಸುವುದು ಕಷ್ಟವೆನಿಸಿ ಸತ್ತವನ ಬಳಿಗೆ ಹೋಗಿರಬಹುದು. ನಾಟಕ ಕಾರಣ ಹೇಳುವುದಿಲ್ಲ. ಕ್ರಿಯಾನನನ್ನು ಕುರಿತ ಬರಹದ ರಾಶಿಗೆ ಹೋಲಿಸಿದರೆ ಈ ಸಣ್ಣ ಹಿಂದುಮುಂದಿನ ಬಗ್ಗೆ ಬಂದ ಬರಹ ತೀರಾ ಕಡಿಮೆ.

ಎರಡು ಸಂಗತಿಗಳು ಇತ್ಯರ್ಥವಾಗದೆ ಉಳಿಯುತ್ತವೆ. ಊರು ಅಂತಿಗೊನೆಯ ಪರವಾಗಿತ್ತು ಎಂಬುದಕ್ಕೆ ಅವಳ ಮಾತು, ಅವಳನ್ನು ಮದುವೆಯಾಗಬೇಕಿದ್ದ ಹೈಮನ್ನನ ಮಾತು ಬಿಟ್ಟರೆ ನಾಟಕದಲ್ಲಿ ಬೇರೆ ಸಾಕ್ಷಿಯಿಲ್ಲ. ಪಕ್ಷಪಾತಿಗಳ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದು ಚರ್ಚೆಗೆ ಬಿಟ್ಟದ್ದು. ಮೇಲೆ ಶಿಕ್ಷೆಯ ಬದಲಾವಣೆಗೆ ಕೊಟ್ಟ ವಿವರಣೆಯೂ ಅದನ್ನೇ ನೆಚ್ಚಿಕೊಂಡಿದೆ. ಎರಡನೆಯದು, ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡ ಕ್ರಿಯಾನನನ್ನು ಒಳಗೆ ಕರೆದೊಯ್ದ ಮೇಲೆ ಥೀಬ್ಸನ್ನು ಆಳುವವರು ಯಾರು? ಆತ ಪಟ್ಟದಿಂದ ಇಳಿದನೆಂದು ಯಾರೂ ಹೇಳುವುದಿಲ್ಲ. ಆಜ್ಞೆಯನ್ನು ಹಿಂದಕ್ಕೆ ಪಡೆದಿದ್ದೇನೆಂದು ಊರಿಗೆ ಡಂಗುರ ಸಾರಿಸಿದ್ದೂ ನಾಟಕದಲ್ಲಿ ಎಲ್ಲಿಯೂ ಬರುವುದಿಲ್ಲ.