ನೂರರಿಂದ ಸೊನ್ನೆಗೆ ಎಷ್ಟು?

ಇವತ್ತು ರಾಜಕೀಯ ಬೇಡ. ಒಂದು ಕಾರಿನ ವಿಷಯ ಮಾತಾಡೋಣ. ಕಾರು ಅಂದ್ರೆ ಕೋಟಿ ಬೆಲೆಯ ಲಂಬೋರ್ಗಿನಿ ಅಲ್ಲ. ಸೋಮವಾರ ಆಫೀಸಿಗೆ, ಶನಿವಾರ ತರಕಾರಿಗೆ, ಹಬ್ಬಕ್ಕೆ ಊರಿಗೆ ಹೋಗುವ ಸಣ್ಣ ಕಾರು. ಆದರೆ ಕಾಲು ಒತ್ತಿದರೆ ಮೈ ಜುಮ್ಮೆನ್ನಬೇಕು! ಇಂಥ ಕಾರಿಗೆ ಹಾಟ್ ಹ್ಯಾಚ್ ಅಂತಾರೆ. ನನ್ನಂಥ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸ್ಟುಡಿಯೋ ಸೇರಿದವನಿಗೆ ಇದು ಹಳೆಯ ಹುಚ್ಚು.

ಹೋದ ವರ್ಷ ಆ ಹುಚ್ಚಿಗೆ ಮುಹೂರ್ತ ಬಂತು. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಣ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿದೆವು. ನನ್ನ ಪಟ್ಟಿಯಲ್ಲಿ ಉಳಿದದ್ದು ಎರಡೇ: ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮತ್ತು ಫಿಯೆಟ್‌ನ ಅಬಾರ್ಥ್ ಪುಂಟೋ. ಅಪ್ಪನಿಗೆ ಫೋನ್ ಮಾಡಿ, ಯಾವುದು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗುತ್ತೆ ಅಂತ ಉತ್ಸಾಹದಿಂದ ವಿವರಿಸಿದೆ. ಅಪ್ಪ ಮೂವತ್ತು ವರ್ಷ ಸಾರಿಗೆ ಬಸ್ಸಿನ ಸ್ಟೀರಿಂಗ್ ಹಿಡಿದವರು, ಅದರಲ್ಲಿ ಬಹುಪಾಲು ಹಾಸನ–ಮಂಗಳೂರು ನಡುವೆ, ಶಿರಾಡಿ ಘಾಟಿಯಲ್ಲಿ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಅದೆಲ್ಲ ಸರಿ ಮಗಾ, ನೂರರಿಂದ ಸೊನ್ನೆಗೆ ಎಷ್ಟು?"

ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಇತಿಹಾಸ.

ವಿಚಿತ್ರ ನೋಡಿ, ವೇಗದ ಸಣ್ಣ ಕಾರು ಹುಟ್ಟಿದ್ದು ಪೆಟ್ರೋಲ್ ಹೇರಳವಾಗಿದ್ದ ಕಾಲದಲ್ಲಲ್ಲ, ಪೆಟ್ರೋಲ್ ಇಲ್ಲದ ಕಾಲದಲ್ಲಿ! ಅದೂ ಒಂದು ಸಲ ಅಲ್ಲ, ಎರಡು ಸಲ.

1956. ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಯುದ್ಧ ಆಯಿತು, ಕಾಲುವೆ ಮುಚ್ಚಿತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್, ಕಡಿಮೆ ಪೆಟ್ರೋಲ್ ಕುಡಿಯುವ, ನಾಲ್ಕು ಜನ ಕೂರುವ ಸಣ್ಣ ಕಾರು ಮಾಡಿ ಅಂತ ಅಲೆಕ್ ಇಸಿಗೋನಿಸ್ ಎಂಬ ಇಂಜಿನಿಯರ್‌ಗೆ ಹೇಳಿದರು. ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ತಿರುಗಿಸಿ ಇಟ್ಟು, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟರು. ಹತ್ತು ಅಡಿ ಉದ್ದದ ಕಾರಿನಲ್ಲಿ ಹೆಚ್ಚಿನ ಜಾಗವೆಲ್ಲ ಜನರಿಗೇ ಉಳಿಯಿತು. ಅದೇ 1959ರ ಮಿನಿ. ಇವತ್ತು ನಮ್ಮ ಬೀದಿಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜೋಡಣೆಯ ಮೊಮ್ಮಕ್ಕಳು. ನಮ್ಮ ಮಾರುತಿ 800 ಕೂಡ!

ಆ ಮಿನಿಯ ಎಂಜಿನ್ 848 ಸಿಸಿ, 34 ಅಶ್ವಶಕ್ತಿ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದನ್ನು ಓಡಿಸಿ ನೋಡಿದರು. ಚಕ್ರಗಳು ನಾಲ್ಕು ಮೂಲೆಯಲ್ಲಿ, ತೂಕ ಕಡಿಮೆ, ತಿರುವಿನಲ್ಲಿ ಮುದ್ದಾಗಿ ತಿರುಗುತ್ತೆ. ಇದಕ್ಕೆ ಸ್ವಲ್ಪ ಶಕ್ತಿ ಕೊಟ್ಟರೆ? ಜನರಿಗಾಗಿ ಮಾಡಿದ ಕಾರನ್ನು ರೇಸಿಗೆ ಎಳೆಯೋದು ಇಸಿಗೋನಿಸ್‌ಗೆ ಇಷ್ಟವಿರಲಿಲ್ಲ. ಆದರೂ 1961ರಲ್ಲಿ ಮಿನಿ ಕೂಪರ್ ಬಂತು: 997 ಸಿಸಿ, 55 ಅಶ್ವಶಕ್ತಿ. ಎಲ್ಲರೂ ನೆನಪಿಟ್ಟುಕೊಂಡಿರೋದು ಆ 55ನ್ನು. ಆದರೆ ಕೂಪರ್ ಎಂಜಿನ್ ಜೊತೆಗೆ ಇನ್ನೊಂದನ್ನೂ ಬದಲಾಯಿಸಿದ್ದರು. ಮುಂದಿನ ಚಕ್ರಗಳಿಗೆ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿದರು. ಓಡೋ ಶಕ್ತಿ ಹೆಚ್ಚಾದರೆ ನಿಲ್ಲೋ ಶಕ್ತಿಯೂ ಹೆಚ್ಚಬೇಕು ಅನ್ನೋದು ರೇಸ್ ಮನುಷ್ಯನಿಗೆ ಗೊತ್ತಿತ್ತು. ನಮ್ಮಪ್ಪನಿಗೂ ಗೊತ್ತಿತ್ತು. ಇಂಜಿನಿಯರಿಂಗ್ ಓದಿದ ನನಗೆ ನೆನಪಿರಲಿಲ್ಲ, ಅಷ್ಟೇ.

1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಇದರದೇ ಇನ್ನೂ ಬಲವಾದ ತಮ್ಮ ಕೂಪರ್ ಎಸ್ ಹಿಡಿದು ಮಾಂಟೆ ಕಾರ್ಲೋ ರ‍್ಯಾಲಿಗೆ ಹೋದರು. ಎದುರಿಗೆ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್! ಗೆದ್ದದ್ದು ಮಿನಿ. 1965ರಲ್ಲೂ ಗೆಲುವು, 1967ರಲ್ಲೂ ಗೆಲುವು. ನಡುವಿನ 1966ರಲ್ಲಿ ಮೊದಲು ಬಂದರೂ ಹೆಡ್‌ಲೈಟ್ ನಿಯಮದ ನೆಪ ಹೇಳಿ ಹೊರಗೆ ಹಾಕಿದರು. ಬಡವರ ಮನೆ ಹುಡುಗ ಪೈಲ್ವಾನರ ಅಖಾಡದಲ್ಲಿ ಗೆದ್ದ ಹಾಗೆ ಇತ್ತು ಅದು.

ಈಗ ಎರಡನೇ ಸಲಕ್ಕೆ ಬರೋಣ. 1973ರ ಅಕ್ಟೋಬರ್. ಅರಬ್–ಇಸ್ರೇಲ್ ಯುದ್ಧ, ಎಣ್ಣೆಗೆ ನಿರ್ಬಂಧ. ಪಶ್ಚಿಮ ಜರ್ಮನಿಯಲ್ಲಿ ನವೆಂಬರ್ 25ರಂದು ಮೊದಲ ಕಾರಿಲ್ಲದ ಭಾನುವಾರ. ಆಟೋಬಾನ್ ಮೇಲೆ ಜನ ಸೈಕಲ್ ತುಳಿದರು! ವೇಗಕ್ಕೆ ಮಿತಿಯೇ ಇಲ್ಲದ ರಸ್ತೆಗೆ ಕೆಲವು ತಿಂಗಳು 100 ಕಿ.ಮೀ. ಮಿತಿ ಬಂತು. ಬೀಟಲ್ ಕಾರನ್ನೇ ನೆಚ್ಚಿಕೊಂಡಿದ್ದ ಫೋಕ್ಸ್‌ವ್ಯಾಗನ್ 1974ರಲ್ಲಿ 80 ಕೋಟಿ ಮಾರ್ಕಿಗೂ ಮೀರಿ ನಷ್ಟ ಅನುಭವಿಸಿತು. ಅದೇ ವರ್ಷ ಇಟಲಿಯ ಜುಜಾರೋ ವಿನ್ಯಾಸ ಮಾಡಿದ ಹೊಸ ಕಾರು ಗಾಲ್ಫ್ ಬಂತು.

ಇಂಥ ಹೊತ್ತಿನಲ್ಲಿ ಸ್ಪೋರ್ಟ್ಸ್ ಕಾರು ಮಾಡೋಣ ಅಂದರೆ ಯಾವ ಬಾಸ್ ಒಪ್ಪುತ್ತಾನೆ ಹೇಳಿ? ಅದಕ್ಕೇ ಕೆಲವರು ಗುಟ್ಟಾಗಿ ಸೇರಿದರು. ಆಲ್ಫೋನ್ಸ್ ಲೋವೆನ್‌ಬರ್ಗ್ ಎಂಬ ಇಂಜಿನಿಯರ್, ಚಾಸಿಸ್ ನೋಡಿಕೊಳ್ಳುತ್ತಿದ್ದ ಹರ್ಬರ್ಟ್ ಶೂಸ್ಟರ್, ಜೊತೆಗೆ ಕಂಪನಿಯ ಪತ್ರಿಕಾ ವಿಭಾಗದ ಮುಖ್ಯಸ್ಥ ಆಂಟನ್ ಕೊನ್ರಾಡ್. ನೋಡಿ, ಮಾಧ್ಯಮದವರೂ ಇದ್ದಾರೆ ಈ ಕಥೆಯಲ್ಲಿ! ಗಾಲ್ಫ್‌ಗೆ 1.6 ಲೀಟರ್ ಎಂಜಿನ್, ಕಾರ್ಬ್ಯುರೇಟರ್ ಬದಲು ಬಾಷ್ ಕಂಪನಿಯ ಫ್ಯುಯೆಲ್ ಇಂಜೆಕ್ಷನ್. 110 ಅಶ್ವಶಕ್ತಿ, ತೂಕ 810 ಕೆ.ಜಿ. ಸೀಟಿಗೆ ಚೌಕಳಿ ಬಟ್ಟೆ, ಗೇರ್ ಮೇಲೆ ಗಾಲ್ಫ್ ಚೆಂಡು. ಇವೆರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆಯ ಕಲ್ಪನೆ. 1975ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿದರು, 1976ರಲ್ಲಿ ಮಾರಾಟ ಶುರು. ಬೆಲೆ 13,850 ಮಾರ್ಕ್. ಐದು ಸಾವಿರ ಕಾರು ಹೋದರೆ ಸಾಕು ಅಂದುಕೊಂಡಿದ್ದರು. ಆ ಮೊದಲ ತಲೆಮಾರಿನ ಜಿಟಿಐ ಮಾರಾಟವಾದದ್ದು 4 ಲಕ್ಷ 60 ಸಾವಿರಕ್ಕೂ ಹೆಚ್ಚು!

ಯಾಕೆ? ಗುಟ್ಟು ಇಷ್ಟೇ. ಆಟೋಬಾನ್ ಮೇಲೆ 180 ಕಿ.ಮೀ. ಮುಟ್ಟುತ್ತಿದ್ದ ಆ ಕಾರಿನ ಹಿಂದಿನ ಸೀಟು ಮಡಚಿದರೆ ಬೀರುವೂ ಹೋಗ್ತಿತ್ತು, ಅಜ್ಜಿಯೂ ಕೂರ್ತಿದ್ದರು. ಎರಡು ಕಾರು ಇಡಲು ಆಗದ ಮನೆಗೆ ಎರಡು ಕಾರು ಒಂದರಲ್ಲೇ ಸಿಕ್ಕಿತು. ಪೆಟ್ರೋಲ್ ದುಬಾರಿಯಾದಾಗ ದೊಡ್ಡ ಎಂಜಿನ್ ಹಾಕುವ ದಾರಿ ಮುಚ್ಚಿತ್ತು, ತೂಕ ಇಳಿಸುವ ದಾರಿ ಮಾತ್ರ ತೆರೆದಿತ್ತು.

ಆದರೆ ಇಲ್ಲೂ ಬ್ರೇಕ್ ಕಥೆ ಇದೆ. 1979ರಲ್ಲಿ ಬ್ರಿಟನ್ನಿಗೆ ಬಲಗಡೆ ಸ್ಟೀರಿಂಗ್ ಇರುವ ಜಿಟಿಐ ಬಂತು. ಪೆಡಲ್‌ಗಳು ಬಲಕ್ಕೆ ಬಂದವು, ಆದರೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಎಡಗಡೆಯೇ ಉಳಿಯಿತು. ನಡುವೆ ಒಂದು ಅಡ್ಡ ಸರಳಿನ ಜೋಡಣೆ. ಚಾಲಕ ಒತ್ತಿದ ಬಲ ಆ ಜೋಡಣೆ ದಾಟಿ ಹೋಗುವಷ್ಟರಲ್ಲಿ ಪೆಡಲ್ ಮೆತ್ತಗೆ ಅನಿಸುತ್ತಿತ್ತು. ಬ್ರಿಟನ್ನಿನವರು ಆ ಕಾರನ್ನು ಎಷ್ಟು ಹೊಗಳಿದರೋ ಅದರ ಬ್ರೇಕನ್ನು ಅಷ್ಟೇ ಬೈದರು.

1984ರಲ್ಲಿ ಫ್ರಾನ್ಸಿನಿಂದ ಪ್ರತಿಸ್ಪರ್ಧಿ ಬಂತು. ಪ್ಯೂಜೋ 205 ಜಿಟಿಐ. ಮೊದಲು 1.6 ಲೀಟರ್, 1986ರಲ್ಲಿ 130 ಅಶ್ವಶಕ್ತಿಯ 1.9 ಲೀಟರ್. ಗಾಲ್ಫೋ 205ಓ ಅನ್ನೋ ಜಗಳ ಯುರೋಪಿನ ಯುವಕರಲ್ಲಿ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ರಾಜ್‌ಕುಮಾರೋ ವಿಷ್ಣುವರ್ಧನೋ ಅಂದ ಹಾಗೆ! 205 ತಿರುವಿನಲ್ಲಿ ನರ್ತಿಸುತ್ತಿತ್ತು. ಆದರೆ ಒಂದು ಗುಣ ಇತ್ತು. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಸರಕ್ಕನೆ ಮುಂದಕ್ಕೆ ಬರುತ್ತೆ, ಹಿಂದಿನ ಟೈರ್ ಹಗುರ ಆಗುತ್ತೆ, ಕಾರಿನ ಬಾಲ ಹೊರಕ್ಕೆ ಜಾರುತ್ತೆ. ಪಳಗಿದವರಿಗೆ ಅದೇ ಮಜಾ. ಪಳಗದವರು ಬೇಲಿಯೊಳಗೆ!

ಇದನ್ನು ಓದಿದಾಗ ನನಗೆ ಅಪ್ಪನ ಶಿರಾಡಿ ಪಾಠ ನೆನಪಾಯಿತು. "ತಿರುವಿಗೆ ಮುಂಚೆ ನಿಧಾನ ಮಾಡು, ತಿರುವಿನೊಳಗೆ ಗಾಬರಿ ಆಗಬೇಡ." ಅಪ್ಪ 205 ಅನ್ನೋ ಕಾರನ್ನು ನೋಡಿಲ್ಲ. ಆದರೂ ಅದರ ಸ್ವಭಾವ ಅವರಿಗೆ ಗೊತ್ತಿತ್ತು.

ಈ ಯುಗ ಮುಗಿದದ್ದು ಹೇಗೆ ಗೊತ್ತಾ? ತೊಂಬತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ ಹುಡುಗರು ಈ ಕಾರುಗಳನ್ನೇ ಕದ್ದು ಬೀದಿಯಲ್ಲಿ ಓಡಿಸೋದು ಚಟವಾಯಿತು. 1991ರಲ್ಲಿ ಆಕ್ಸ್‌ಫರ್ಡ್‌ನ ಬ್ಲಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಕದ್ದ ಕಾರುಗಳ ಪ್ರದರ್ಶನ ಗಲಭೆಯವರೆಗೂ ಹೋಯಿತು. ಆ ಬಡಾವಣೆಯ ಪಕ್ಕದಲ್ಲೇ ಇರೋದು ಕೌಲಿ, ಮಿನಿ ತಯಾರಾದ ಊರು! 1992ರಲ್ಲಿ ಬ್ರಿಟಿಷ್ ಸಂಸತ್ತು, ವಾಹನ ಕದ್ದು ಅಪಾಯಕಾರಿಯಾಗಿ ಓಡಿಸುವವರಿಗೆ ಹೆಚ್ಚಿನ ಶಿಕ್ಷೆ ಕೊಡುವ ಕಾನೂನನ್ನೇ ತಂದಿತು. ವಿಮೆಯ ಕಂತು ಗಗನಕ್ಕೇರಿತು. ಕಾರು ಕೊಳ್ಳಬಲ್ಲ ಯುವಕ ವಿಮೆ ಕಟ್ಟಲಾರದೆ ಸೋತ. ಹಾಟ್ ಹ್ಯಾಚ್ ಮಾರುಕಟ್ಟೆ ಕುಸಿಯಿತು.

ಈಗ ನಮ್ಮ ಮನೆಗೆ ಬರೋಣ. ಭಾರತದಲ್ಲಿ ಫಿಯೆಟ್ 2001ರಲ್ಲಿ ಪಾಲಿಯೋ 1.6 ತಂದಿತ್ತು. ಆಮೇಲೆ 2006ರ ಬಜೆಟ್ ಬಂತು. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗೆ ಇದ್ದರೆ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ. ಅಲ್ಲಿಂದ ನಮ್ಮ ಸಣ್ಣ ಕಾರಿನ ಅಳತೆಪಟ್ಟಿ ಇಂಜಿನಿಯರ್ ಕೈಯಲ್ಲಿ ಉಳಿಯಲಿಲ್ಲ, ಹಣಕಾಸು ಸಚಿವರ ಕೈಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದಾಗಲೂ ಶೇ. 18ರ ದರಕ್ಕೆ ಅದೇ 4 ಮೀಟರ್, ಅದೇ 1,200 ಸಿಸಿ! 2013ರ ಪೋಲೋ ಜಿಟಿ ಟಿಎಸ್‌ಐ ಈ ಗೆರೆಯೊಳಗೇ ಹುಟ್ಟಿದ್ದು: 1,197 ಸಿಸಿ, ಟರ್ಬೋ, 105 ಅಶ್ವಶಕ್ತಿ, ಏಳು ಗೇರಿನ ಆಟೋಮ್ಯಾಟಿಕ್. 2015ರ ಅಬಾರ್ಥ್ ಪುಂಟೋ ಗೆರೆ ದಾಟಿದ್ದು: 1,368 ಸಿಸಿ, 145 ಅಶ್ವಶಕ್ತಿ, ಹತ್ತು ಲಕ್ಷದೊಳಗಿನ ಬೆಲೆ. ಅಸಲಿ ಗಾಲ್ಫ್ ಜಿಟಿಐ ನಮ್ಮಲ್ಲಿಗೆ ಬಂದದ್ದು 2025ರಲ್ಲಿ. ಆಗ ಶೋರೂಂ ಬೆಲೆಯೇ 53 ಲಕ್ಷದ ಆಸುಪಾಸು ಇತ್ತು. ಜನಸಾಮಾನ್ಯರ ವೇಗದ ಕಾರು ಅಂತ ಹುಟ್ಟಿದ್ದು ಅದೇ ಅಲ್ವಾ?

ನನ್ನ ಆಯ್ಕೆಗೆ ಬರ್ತೀನಿ. ಅದಕ್ಕೆ ಮುಂಚೆ ಒಂದು ರಾತ್ರಿಯ ಮಾತು ಹೇಳಬೇಕು.

ಕೆಲವು ವರ್ಷಗಳ ಹಿಂದೆ ರಾತ್ರಿ ಬುಲೆಟಿನ್‌ನಲ್ಲಿ ಹೆದ್ದಾರಿ ಅಪಘಾತದ ಸುದ್ದಿ ಓದಿದೆ. "ಅತಿವೇಗವೇ ದುರಂತಕ್ಕೆ ಕಾರಣ." ನಾವು ದಿನಾ ಓದೋ ಸಾಲು. ಮೃತರ ಹೆಸರು ಇನ್ನೂ ಬಂದಿರಲಿಲ್ಲ. ಸ್ಟುಡಿಯೋದಿಂದ ಹೊರಗೆ ಬಂದು ಫೋನ್ ಆನ್ ಮಾಡಿದಾಗ ಕಾಲೇಜಿನ ಗ್ರೂಪಿನಲ್ಲಿ ಹೆಸರು ಇತ್ತು. ನನ್ನ ಹಾಸ್ಟೆಲ್ ರೂಂಮೇಟ್. ಹಾಟ್ ಹ್ಯಾಚ್ ಅನ್ನೋ ಪದ ನನಗೆ ಕಲಿಸಿದವನೇ ಅವನು. ಅವನ ಸಾವನ್ನು ನಾನೇ ಒಂದೇ ಉಸಿರಿನಲ್ಲಿ ಓದಿ ಮುಂದಿನ ಸುದ್ದಿಗೆ ಹೋಗಿದ್ದೆ.

ನಾವಿಬ್ಬರೂ ಪರೀಕ್ಷೆಗೆ ಬರೆದ ಸೂತ್ರ ಒಂದೇ: ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಒಳ್ಳೆಯ ಟೈರ್, ಒಣ ರಸ್ತೆ ಇದ್ದರೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಕಾರು ನಿಲ್ಲಲು ಸುಮಾರು 12 ಮೀಟರ್ ಸಾಕು. 100ರಲ್ಲಿ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು, ಅಂದ್ರೆ 48 ಮೀಟರ್. 120ರಲ್ಲಿ 69. ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ತಡವಾದರೆ ಅಷ್ಟರಲ್ಲೇ ಇನ್ನೂ 33 ಮೀಟರ್ ಹೋಗಿರುತ್ತೆ. ಅಪ್ಪನ ಪ್ರಶ್ನೆಯ ಉತ್ತರ ಇದು. ಪುಸ್ತಕದಲ್ಲಿ ಇತ್ತು, ತಲೆಯಲ್ಲಿ ಇರಲಿಲ್ಲ.

ಸರಿ, ಯಾವ ಕಾರು? ಪ್ರಾಮಾಣಿಕವಾಗಿ ಹೇಳ್ತೀನಿ, ಬ್ರೇಕ್ ಲೆಕ್ಕದಲ್ಲಿ ಅಬಾರ್ಥ್ ಮುಂದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್. ಪೋಲೋಗೆ ಹಿಂದೆ ಡ್ರಮ್. ಮನಸ್ಸು ಅಬಾರ್ಥ್ ಅಂದಿತು. ಆದರೆ ಫಿಯೆಟ್ ನಮ್ಮಲ್ಲಿ ಪುಂಟೋ ನಿಲ್ಲಿಸಿ ವರ್ಷಗಳಾದವು. ಬಿಡಿಭಾಗಕ್ಕೆ ಕಾಯುತ್ತಾ ಸವೆದ ಬ್ರೇಕ್ ಪ್ಯಾಡಿನಲ್ಲೇ ಓಡಿಸುವ ಪ್ರಸಂಗ ಬಂದರೆ ನಾಲ್ಕು ಡಿಸ್ಕ್ ಇದ್ದು ಏನು ಪ್ರಯೋಜನ? ಜೊತೆಗೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ಕ್ಲಚ್ ಒತ್ತಬೇಕಾದವರು ನನ್ನ ಹೆಂಡತಿ. ಅವರ ಮತ ಆಟೋಮ್ಯಾಟಿಕ್‌ಗೆ. ಪೋಲೋ ತಗೊಂಡೆವು.

ಬಜೆಟ್ಟಿನಲ್ಲಿ ದೊಡ್ಡ ಸ್ಪೀಕರ್‌ಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ನಾಲ್ಕು ಹೊಸ ಟೈರ್, ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿ, ಹಳೆಯ ಬ್ರೇಕ್ ಆಯಿಲ್ ತೆಗೆಸಿ ಹೊಸದು ತುಂಬಿಸಿದೆ. ಕಾರು ಹಿಡಿದು ಊರಿಗೆ ಹೋದಾಗ ಅಪ್ಪನ ಕೈಗೆ ಕೀಲಿ ಕೊಟ್ಟೆ. ಹೊರವಲಯದ ಖಾಲಿ ರಸ್ತೆಯಲ್ಲಿ ಹಿಂದೆ ಮುಂದೆ ನೋಡಿ ಅರವತ್ತರಲ್ಲಿ ಬ್ರೇಕ್ ಒತ್ತಿದರು. ಕಾರು ಅಲುಗದೆ ನಿಂತಿತು.

"ನಿಲ್ಲುತ್ತೆ ಮಗಾ," ಅಂದರು. "ಇನ್ನು ನೀನು ಓಡಿಸು."

ವೀಕ್ಷಕರೇ, ನೀವು ವೇಗದ ಕಾರು ತಗೊಳ್ಳಿ, ಬೇಡ ಅನ್ನಲ್ಲ. ನಾನೇ ತಗೊಂಡಿದ್ದೀನಿ. ಆದರೆ ಮಾರುವವನು ಸೊನ್ನೆಯಿಂದ ನೂರರ ಲೆಕ್ಕ ಹೇಳಿ ಮುಗಿಸಿದ ಮೇಲೆ ನಮ್ಮಪ್ಪನ ಪ್ರಶ್ನೆಯನ್ನು ಒಂದು ಸಲ ಕೇಳಿ. ನಿಮ್ಮ ಹೆಸರು ನನ್ನ ಬುಲೆಟಿನ್ನಿನಲ್ಲಿ ಬರೋದು ಬೇಡ.