ಹುಲಿಗಿಯ ಚೌಡಿಕೆ, ಯೂರೋಪಿನ ಶಕೋನ್: ಒಂದೇ ತಳದ ಮೇಲೆ ಎರಡು ಕುಣಿತ

ಕೊಪ್ಪಳ: ತುಂಗಭದ್ರೆಯ ದಡದಲ್ಲಿರುವ ಹುಲಿಗಿಗೆ ಹುಣ್ಣಿಮೆಯಂದು ಬಂದಿಳಿಯುವವರಿಗೆ ಗುಡಿಯ ಗಂಟೆಗಿಂತ ಮೊದಲು ಕೇಳಿಸುವುದು ಚೌಡಿಕೆಯ ದನಿ. ಒಂಟಿ ತಂತಿಯಿಂದ ಹೊರಡುವ ಆ ಗಡಸು ಮಿಡಿತ ಒಂದೇ ಲಯದಲ್ಲಿ ಮರಳಿ ಮರಳಿ ಬರುತ್ತಿರುತ್ತದೆ. ಅದರ ಮೇಲೆ ಹಾಡು ಏರುತ್ತದೆ, ಹಾಡಿನ ಮೇಲೆ ಕುಣಿತ ಏರುತ್ತದೆ. ಕುಣಿಯುವವರ ತಲೆಯ ಮೇಲೆ ದೇವಿಯ ಕೊಡವಿರುತ್ತದೆ.

ಚೌಡಿಕೆ ಪದವೆಂದರೆ ಯಲ್ಲಮ್ಮ, ಹುಲಿಗೆಮ್ಮ ದೇವಿಯರ ಭಕ್ತರಾದ ಜೋಗತಿಯರು ಮತ್ತು ಜೋಗಪ್ಪಗಳು ಪರಂಪರೆಯಿಂದ ಹಾಡಿಕೊಂಡು ಬಂದ ಗೀತೆ. ಉತ್ತರ ಕರ್ನಾಟಕದಾದ್ಯಂತ ಇದು ಪ್ರಚಲಿತ. ಸವದತ್ತಿಯ ಯಲ್ಲಮ್ಮನ ಗುಡ್ಡ ಇದರ ಹಿರಿಯ ಕೇಂದ್ರವಾದರೆ, ಕೊಪ್ಪಳ ಸೀಮೆಗೆ ಹುಲಿಗಿಯೇ ಗುಡ್ಡ. ಸ್ಥಳಪುರಾಣವೂ ಇದನ್ನೇ ಹೇಳುತ್ತದೆ. ನಾಗಜೋಗಿ, ಬಸವಜೋಗಿ ಎಂಬ ಇಬ್ಬರು ಭಕ್ತರು ಪ್ರತಿ ಹುಣ್ಣಿಮೆಗೆ ಸವದತ್ತಿಗೆ ನಡೆದು ಹೋಗುತ್ತಿದ್ದರಂತೆ. ಒಮ್ಮೆ ಮಳೆಯಿಂದಾಗಿ ದಾರಿ ಕಟ್ಟಿದಾಗ ದೇವಿಯೇ ಅವರಿದ್ದಲ್ಲಿಗೆ ಬಂದು ನೆಲೆಸಿದಳೆಂಬುದು ಪ್ರತೀತಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಟಂಟಂ, ಬಸ್ಸುಗಳಲ್ಲಿ ಬರುತ್ತಾರೆ.

ವಾದ್ಯದ ರಚನೆ ಸರಳ. ಮೇಲ್ಬಾಯಿ ತೆರೆದ, ಕೆಳಬಾಯಿಗೆ ಚರ್ಮ ಬಿಗಿದ ಮರದ ಒಡಲು. ಚರ್ಮದ ನಡುವಿನಿಂದ ಹೊರಟ ತಂತಿಯು ಒಡಲೊಳಗೆ ಹಾದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಬಿರಡೆಗೆ ಸೇರುತ್ತದೆ. ಎಡಗಂಕುಳಲ್ಲಿ ಅವುಚಿ ಹಿಡಿದು ಬಲಗೈಯ ಕಡ್ಡಿಯಿಂದ ಮೀಟಿದರೆ ದನಿ. ಕೋಲನ್ನು ಅದುಮಿ ಬಿಟ್ಟರೆ ತಂತಿಯ ಬಿಗಿ ಬದಲಾಗಿ ದನಿಯು ಕೊಂಚ ಏರಿಳಿಯುತ್ತದೆ. ಹೀಗಾಗಿ ಶ್ರುತಿ, ಲಯ ಎರಡನ್ನೂ ಈ ಒಂದೇ ವಾದ್ಯ ನೋಡಿಕೊಳ್ಳುತ್ತದೆ. ಪರಶುರಾಮನು ಸಂಹರಿಸಿದ ದೈತ್ಯನೊಬ್ಬನ ದೇಹದಿಂದಲೇ ಮೊದಲ ಚೌಡಿಕೆ ಆಯಿತೆಂದು ಜೋಗತಿಯರ ಕಥೆ ಹೇಳುತ್ತದೆ. ಮೇಳದಲ್ಲಿ ಮುಖ್ಯ ಗಾಯಕಿಯ ಜೊತೆಗೆ ತುಂತುಣಿ, ತಾಳದವರು ಹಿಮ್ಮೇಳಕ್ಕಿರುತ್ತಾರೆ. ರೇಣುಕೆ, ಜಮದಗ್ನಿ, ಪರಶುರಾಮ, ಮಾತಂಗಿಯರ ಕಥೆಯನ್ನು ಮುಖ್ಯ ಗಾಯಕಿ ಎಳೆಎಳೆಯಾಗಿ ಬಿಡಿಸುತ್ತಾಳೆ. ನುಡಿಯ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಂಡು ಮರಳಿ ಹಾಡುತ್ತಾರೆ. ನಡುನಡುವೆ ‘ಉಧೋ ಉಧೋ’ ಎಂಬ ಘೋಷ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಥೆ ಎತ್ತ ಹೊರಳಿದರೂ, ಹಾಡುವವರ ಕಂಠ ಎಷ್ಟು ಏರಿದರೂ ತಳದ ಮಿಡಿತ ಮಾತ್ರ ಬದಲಾಗದು. ಅದು ಬದಲಾಗದಿರುವುದರಿಂದಲೇ ಮೇಲಿನದಕ್ಕೆ ಬದಲಾಗುವ ಸ್ವಾತಂತ್ರ್ಯ ದೊರೆಯುತ್ತದೆ. ತಬಲಾ ಸೋಲೋ ಕೇಳಿದವರಿಗೆ ಈ ತತ್ವ ಹೊಸದಲ್ಲ. ಅಲ್ಲಿ ಹಾರ್ಮೋನಿಯಂ ಇಲ್ಲವೇ ಸಾರಂಗಿಯು ಒಂದೇ ಲೆಹರಾವನ್ನು ಗಂಟೆಗಟ್ಟಲೆ ನುಡಿಸುತ್ತಿರುತ್ತದೆ, ತಬಲಾ ಅದರ ಮೇಲೆ ವಿಹರಿಸುತ್ತದೆ.

ಯೂರೋಪಿನ ಸಂಗೀತದಲ್ಲಿ ಇದೇ ತತ್ವದ ಮೇಲೆ ನಿಂತ ಪ್ರಕಾರದ ಹೆಸರು ಶಕೋನ್. ಸುಮಾರು 1600ರಿಂದ 1750ರವರೆಗಿನ ಬರೋಕ್ ಯುಗದ ಕುಣಿತವಿದು. ನಾಲ್ಕಾರು ಸ್ವರಗಳ ಚಿಕ್ಕದೊಂದು ಮಂದ್ರದ ಸಾಲು ಮೊದಲಿನಿಂದ ಕೊನೆಯವರೆಗೆ ಆವರ್ತಿಸುತ್ತಿದ್ದರೆ, ಅದರ ಮೇಲೆ ಒಂದಾದ ಮೇಲೊಂದರಂತೆ ಹೊಸ ಹೊಸ ಬೆಳವಣಿಗೆಗಳು ಬರುತ್ತವೆ. ಇಂತಹ ಸಾಲಿಗೆ ಇಟಲಿಯ ಭಾಷೆಯಲ್ಲಿ ‘ಒಸ್ತಿನಾತೊ’ ಎನ್ನುತ್ತಾರೆ, ಹಟಮಾರಿ ಎಂದರ್ಥ. ಶಕೋನಿನ ಒಡಹುಟ್ಟಿದ ಇನ್ನೊಂದು ಪ್ರಕಾರ ಪಾಸಕಾಲ್ಯ. ಆ ಹೆಸರಿನ ಮೂಲದಲ್ಲಿರುವ ಸ್ಪ್ಯಾನಿಷ್ ಪದಗಳ ಅರ್ಥ ‘ಬೀದಿಯಲ್ಲಿ ನಡೆಯುವುದು’. ಮಂಗಳವಾರ, ಶುಕ್ರವಾರಗಳಂದು ಓಣಿ ಓಣಿ ತಿರುಗಿ ಜೋಗ ಬೇಡುವ ಜೋಗತಿಯರನ್ನು ಬಲ್ಲವರಿಗೆ ಈ ಹೆಸರು ಪರಿಚಿತವೆನಿಸಿದರೆ ಅಚ್ಚರಿಯಿಲ್ಲ.

ಎರಡರ ನಡುವೆ ನಂಟು ಕಲ್ಪಿಸುವ ಅಗತ್ಯವಿಲ್ಲ, ಅಂತಹ ನಂಟು ಇಲ್ಲ. ವ್ಯತ್ಯಾಸವೂ ದೊಡ್ಡದೇ. ಶಕೋನಿನಲ್ಲಿ ಮಂದ್ರದ ಸಾಲು ಏಕಕಾಲಕ್ಕೆ ಹೊಮ್ಮುವ ಹಲವು ಸ್ವರಗಳ ಮೇಳೈಕೆಯನ್ನು ನಿರ್ಧರಿಸುತ್ತದೆ. ಚೌಡಿಕೆಗೆ ಆ ಕೆಲಸವಿಲ್ಲ, ಅದು ಹಾಡಿಗೆ ನೆಲೆಯನ್ನೂ ಹೆಜ್ಜೆಗೆ ಒತ್ತನ್ನೂ ಕೊಡುತ್ತದೆ, ಅಷ್ಟೆ. ಆದರೆ ಶಕೋನಿನ ಸಾಮಾಜಿಕ ಚರಿತ್ರೆಯನ್ನು ಓದಿದಾಗ ಹುಲಿಗಿಯ ಕಡೆಗೆ ಮತ್ತೆ ನೋಡಬೇಕೆನಿಸುತ್ತದೆ.

ಬೀದಿಯಿಂದ ಅರಮನೆಗೆ

ಶಕೋನ್ ಹುಟ್ಟಿದ್ದು ಯೂರೋಪಿನ ಅರಮನೆಯಲ್ಲಲ್ಲ. 1590ರ ದಶಕದ ಕೊನೆಯ ಸ್ಪ್ಯಾನಿಷ್ ಬರಹಗಳಲ್ಲಿ ಅದರ ಮೊದಲ ಉಲ್ಲೇಖಗಳಿವೆ. ಸ್ಪೇನಿನ ವಶದಲ್ಲಿದ್ದ ಅಮೆರಿಕದ ನಾಡುಗಳಿಂದ ಬಂದ ಕುಣಿತವೆಂದೇ ಅಂದಿನವರು ಅದನ್ನು ಗುರುತಿಸುತ್ತಿದ್ದರು. ಗಿಟಾರ್, ತಮಟೆಯಂತಹ ವಾದ್ಯಗಳೊಂದಿಗೆ ಆಳುಗಳು, ಗುಲಾಮರು, ಮೂಲನಿವಾಸಿಗಳು ಕುಣಿಯುವ ಚೆಲ್ಲು ಕುಣಿತವೆಂಬ ಹಣೆಪಟ್ಟಿ ಅದಕ್ಕಿತ್ತು. 1613ರಲ್ಲಿ ಪ್ರಕಟವಾದ ಸೆರ್ವಾಂಟಿಸನ ಕಥೆಯೊಂದರಲ್ಲಿ ಇದನ್ನು ಕುಣಿಯುವವರು ಛತ್ರವೊಂದರ ಕೆಲಸದ ಹುಡುಗಿಯರು ಮತ್ತು ಹೇಸರಗತ್ತೆ ಕಾಯುವ ಹುಡುಗರು. 1615ರಲ್ಲಿ ಸ್ಪೇನಿನ ರಂಗಭೂಮಿಯಲ್ಲಿ ಇದನ್ನು ನಿಷೇಧಿಸಲಾಯಿತು.

ನಿಷೇಧದಿಂದ ಆದದ್ದು ಅಷ್ಟಕ್ಕಷ್ಟೆ. ಇಟಲಿಯಲ್ಲಿ ಮೊಂತೆವೆರ್ದಿ, ಫ್ರೆಸ್ಕೊಬಾಲ್ದಿ ಇದನ್ನು ಎತ್ತಿಕೊಂಡರು. ಫ್ರಾನ್ಸಿನಲ್ಲಿ 14ನೇ ಲೂಯಿಯ ಆಸ್ಥಾನ ಸಂಗೀತಗಾರ ಲುಲ್ಲಿ ತನ್ನ ಗೀತನಾಟಕಗಳಿಗೆ ಗಂಭೀರ, ಸುದೀರ್ಘ ಶಕೋನ್‌ಗಳನ್ನು ರಚಿಸಿದ. 1720ರಲ್ಲಿ ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ ಒಂಟಿ ಪಿಟೀಲಿಗಾಗಿ ಸಿದ್ಧಪಡಿಸಿದ ಹಸ್ತಪ್ರತಿಯಲ್ಲಿರುವ ಶಕೋನ್ ಸುಮಾರು ಕಾಲು ಗಂಟೆ ನಡೆಯುತ್ತದೆ. ಪಿಟೀಲು ವಾದಕರ ಪಾಲಿಗೆ ಅದು ಇಂದಿಗೂ ದೊಡ್ಡ ಪರೀಕ್ಷೆ.

ಪ್ರಕಾರವೊಂದು ಛತ್ರದಿಂದ ಅರಮನೆಗೆ ಏರಿದ ಕಥೆಯಿದು. ಏರಿದ್ದು ಪ್ರಕಾರ ಮಾತ್ರ. ಮೊದಲು ಅದನ್ನು ಕುಣಿದವರಲ್ಲಿ ಒಬ್ಬರ ಹೆಸರೂ ಸಂಗೀತದ ಚರಿತ್ರೆಯಲ್ಲಿ ಉಳಿದಿಲ್ಲ. ಕುಣಿತ ಆಸ್ಥಾನಕ್ಕೆ ಬಂದಿತು, ಕುಣಿದವರು ಬಾಗಿಲಲ್ಲೇ ಉಳಿದರು.

ಕೊಡ ಹೊತ್ತವರ ಹೆಸರು

ಚೌಡಿಕೆಯ ವಿಷಯದಲ್ಲಿ ಹಾಗಾಗಲಿಲ್ಲ ಎನ್ನುವುದಕ್ಕೆ ಒಂದು ಹೆಸರು ಸಾಕು. ಅದು ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಅವರಿಗೆ 1975ರಲ್ಲಿ ಜೋಗತಿಯ ದೀಕ್ಷೆ ದೊರೆತದ್ದು ಇದೇ ಹುಲಿಗೆಮ್ಮನ ಸನ್ನಿಧಿಯಲ್ಲಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಜೋಗಪ್ಪ ಪರಂಪರೆಯು ಸೀರೆಯನ್ನೂ ದೇವಿಯ ಆಸರೆಯನ್ನೂ ಕೊಟ್ಟಿದೆ. ಮನೆಯ ಆಸರೆಯನ್ನು ಅನೇಕ ಸಲ ಕಸಿದುಕೊಂಡೂ ಇದೆ. ಮನೆ ಬಿಟ್ಟು ಭಿಕ್ಷೆ ಬೇಡುತ್ತಿದ್ದ ದಿನಗಳಲ್ಲಿ ದಾವಣಗೆರೆಯಲ್ಲಿ ತಂದೆ ಹಾಡುತ್ತಿದ್ದುದನ್ನು, ಮಗ ತಲೆಯ ಮೇಲೆ ಕೊಡವಿಟ್ಟು ಕುಣಿಯುತ್ತಿದ್ದುದನ್ನು ಕಂಡು ಅವರಿಂದಲೇ ಮಂಜಮ್ಮ ಕುಣಿತ ಕಲಿತರು. ಬಳಿಕ ಕಾಳವ್ವ ಜೋಗತಿಯವರ ಮೇಳ ಸೇರಿದರು. ಕಾಳವ್ವನವರ ನಂತರ ಮೇಳದ ಹೊಣೆಯೂ ಅವರದಾಯಿತು.

ಜೋಗತಿ ನೃತ್ಯದ ಕಷ್ಟ ನೋಡುವವರಿಗೆ ಸುಲಭಕ್ಕೆ ತಿಳಿಯದು. ಕೊಡಕ್ಕೆ ಕೈ ತಾಗಿಸುವಂತಿಲ್ಲ. ಕುಣಿಯುತ್ತ ಕುಳಿತುಕೊಳ್ಳಬೇಕು, ತಿರುಗಬೇಕು, ನೆಲದ ಮೇಲಿನ ನೋಟನ್ನು ಬಾಗಿ ಎತ್ತಿಕೊಳ್ಳಬೇಕು. ಕತ್ತು ಒಂದಿಷ್ಟೂ ವಾಲಬಾರದು. ಪಕ್ಕದಲ್ಲಿ ಮೀಟುತ್ತಿರುವ ಚೌಡಿಕೆಯೊಂದೇ ಈ ಸಮತೋಲಕ್ಕೆ ಆಧಾರ. ಮೀಟು ಹೆಚ್ಚುಕಡಿಮೆಯಾದರೆ ಹೆಜ್ಜೆ ತಪ್ಪುತ್ತದೆ, ಹೆಜ್ಜೆ ತಪ್ಪಿದರೆ ಕೊಡ ಉರುಳುತ್ತದೆ.

2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಪೀಠದಲ್ಲಿ ಕುಳಿತದ್ದು ಅದೇ ಮೊದಲು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ದೇಶವೇ ನೋಡಿತು. ಹುಲಿಗಿಯ ಅಂಗಳದಲ್ಲಿ ನೂರಾರು ಮಕ್ಕಳಿಗೆ ನಿವಾಳಿಸಿದ ಕೈಗೆ ಅದು ಹೊಸದೇನಾಗಿರಲಿಲ್ಲ.

ಮುತ್ತು ಬೇಡ, ಪದ ಬೇಕು

ಆದರೆ ಈ ಕಲೆಯ ಬೇರಿನಲ್ಲಿ ನೋವೂ ಇದೆ. ಅದನ್ನು ಬಿಟ್ಟು ಬರೆಯುವುದು ಅಪ್ರಾಮಾಣಿಕವಾದೀತು. ಹಾಡುವ ಮಹಿಳೆಯರಲ್ಲಿ ಅನೇಕರು ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡವರು. ಬಹುತೇಕರು ದಲಿತ ಕುಟುಂಬಗಳವರು. ಜೋಗತಿಯರೆಲ್ಲ ದೇವದಾಸಿಯರಲ್ಲ, ಜೋಗಪ್ಪಗಳ ಪರಂಪರೆಯೂ ಬೇರೆ. ಆದರೂ ಬಡ ಹುಡುಗಿಯರನ್ನು ದೇವರ ಹೆಸರಿನಲ್ಲಿ ಊರ ಉಳ್ಳವರಿಗೆ ಒಪ್ಪಿಸಿದ ಪದ್ಧತಿಯ ನೆರಳು ಚೌಡಿಕೆಯ ಮೇಲೆ ಬಿದ್ದಿರುವುದು ನಿಜ. ಸಮರ್ಪಣೆಯನ್ನು ನಿಷೇಧಿಸುವ 1982ರ ರಾಜ್ಯ ಕಾಯ್ದೆಗೆ 1984ರಲ್ಲಿ ಅಂಕಿತ ದೊರೆಯಿತು. ಆ ಬಳಿಕವೂ 1993-94 ಮತ್ತು 2007-08ರ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಕೊಪ್ಪಳವೂ ಈ ಪಟ್ಟಿಯ ಪ್ರಮುಖ ಜಿಲ್ಲೆಗಳಲ್ಲೊಂದು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಹೊಸ ಮಸೂದೆಯು ಈ ಮಹಿಳೆಯರ ಮಕ್ಕಳ ಹಕ್ಕುಗಳನ್ನೂ ಪರಿಗಣಿಸಿದೆ.

ಮುತ್ತು ಕಟ್ಟುವುದು ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರೊಂದಿಗೆ ಪದವೂ ನಿಲ್ಲುವುದೇ ಎಂಬುದು ಈಗಿನ ಪ್ರಶ್ನೆ. ದೀಕ್ಷೆ ಪಡೆದವರೇ ಚೌಡಿಕೆ ಹಿಡಿಯಬೇಕೆಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ತಾಯಿ ಹಾಡುತ್ತಿದ್ದಳೆಂದು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳೂ ಇದ್ದಾರೆ. ಅವರನ್ನು ತಪ್ಪೆನ್ನಲಾಗದು, ತಾಯಿಯ ಹಾಡಿನೊಂದಿಗೆ ಊರು ತಮಗೆ ಏನೇನು ಅಂದಿತ್ತೆಂಬುದು ಅವರಿಗೇ ಗೊತ್ತು. ಇತ್ತ ಉತ್ಸವಗಳ ವೇದಿಕೆಯಲ್ಲಿ ಚೌಡಿಕೆ ಮೇಳಕ್ಕೆ ಸಿಗುವುದು ಹತ್ತು ನಿಮಿಷ, ಮೆರವಣಿಗೆಯಲ್ಲಾದರೆ ಒಂದು ಸಾಲು. ಇಡೀ ರಾತ್ರಿಯ ಯಲ್ಲಮ್ಮನ ಕಥೆಯನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಕೊಡದ ಕಸರತ್ತು ಮಾತ್ರ.

ಕಾಯ್ದೆಯು ಸಮರ್ಪಣೆಯನ್ನು ನಿಷೇಧಿಸಿದೆಯೇ ಹೊರತು ಹಾಡನ್ನಲ್ಲ. ಚೌಡಿಕೆ ಕಲಿಯಲು ಮುತ್ತು ಬೇಕಿಲ್ಲ, ಕಲಿಸುವವರ ಪಕ್ಕದಲ್ಲಿ ಕುಳಿತು ಒಂದೇ ಮೀಟನ್ನು ತಿಂಗಳುಗಟ್ಟಲೆ ಮೀಟುವ ತಾಳ್ಮೆ ಬೇಕು. ಕಥೆಯನ್ನು ಇಡಿಯಾಗಿ ಬಲ್ಲ ಜೋಗತಿಯರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಹುಣ್ಣಿಮೆಗೆ ಹುಲಿಗಿಯ ಹೊಳೆದಂಡೆಯಲ್ಲಿ ಅವರು ಈಗಲೂ ಸಿಗುತ್ತಾರೆ.